ಕೀಲೆಣ್ಣೆ ಹಾಕಿದ ಕಾರು

ಪರಮಣ್ಣನಿಗೆ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ರಾಯಚೂರಿನಿಂದ ಮಾನ್ವಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಬೇವಿನ ಮರದ ಕೆಳಗೆ ಅವನ ತಗಡಿನ ಗ್ಯಾರೇಜು. ರಿಪೇರಿಗೆ ಬಿಟ್ಟ ಗಾಡಿ ಯಾವಾಗ ಸಿಗುತ್ತದೆ ಎಂದು ಒಮ್ಮೆ ಕೇಳಿದವರಿಗೆ ಉತ್ತರ ಸಿಗುತ್ತಿತ್ತು. ಮತ್ತೊಮ್ಮೆ ಕೇಳಿದವರ ಕಡೆಗೆ ನಟ್ಟು ತಿರುವುವ ಪಾನಾ ಹಾರಿ ಬರುತ್ತಿತ್ತು. ಹೆಚ್ಚು ಮಾತಾಡಿದ ಲಾರಿ ಕ್ಲೀನರನೊಬ್ಬ ತನ್ನ ಮುಂದಿನ ಹಲ್ಲನ್ನು ಆ ಬೇವಿನ ಬುಡದಲ್ಲೇ ಉಗುಳಿ ಹೋಗಿದ್ದ. ಆದರೂ ಜನ ಬರುತ್ತಿದ್ದರು. ಬೈದುಕೊಂಡು ಹೋಗಿ, ಗಾಡಿ ಕೆಟ್ಟಾಗ ತೆಪ್ಪಗೆ ಮತ್ತೆ ಬರುತ್ತಿದ್ದರು.

ಅವರು ಬರುತ್ತಿದ್ದದ್ದು ಅವನ ಕಿವಿಗಾಗಿ. ಗಾಡಿ ಬಂದರೆ ಪರಮಣ್ಣ ಬಾನೆಟ್ ಎತ್ತುವ ಮೊದಲು ಮೂಲೆಯಲ್ಲಿದ್ದ ಕುರಿ ಕಾಯುವ ಕೋಲನ್ನು ಎತ್ತುತ್ತಿದ್ದ. ಕೋಲಿನ ಒಂದು ತುದಿ ಸದ್ದು ಬರುವ ಕಬ್ಬಿಣದ ಮೇಲೆ, ಇನ್ನೊಂದು ತುದಿ ತನ್ನ ಕಿವಿಯ ಹಿಂದಿನ ಎಲುಬಿನ ಮೇಲೆ. ಕಣ್ಣು ಮುಚ್ಚಿ ಕೇಳುವನು. ಅವನ ಮುಖ ಮೆತ್ತಗಾಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಆ ಕೋಲಿಗೂ ಒಂದು ಕಥೆ ಇದೆ, ಅದೂ ಹೊಡೆತದ್ದೇ. ದೇವದುರ್ಗ ತಾಲೂಕಿನ ಗೂಗಲ್ಲಿನ ಹತ್ತಿರ, ಕೃಷ್ಣೆಯ ದಂಡೆಗೆ ಅವರ ಹಟ್ಟಿ. ಅಪ್ಪ ಕನಕರಾಯ ಕುರಿ ಕಾಯುವವನು. ಕುರಿಗೆ ಒಂದು ಏಟು ಹಾಕದವನು ಹೆಂಡತಿಗೆ ಮಾತ್ರ ದನಕ್ಕೆ ಬಡಿದಂತೆ ಬಡಿಯುತ್ತಿದ್ದ. ತಾಯಿ ಬೂದೆಮ್ಮನ ಮುಂಗೈಯಲ್ಲಿ ಹಸಿರುಗಟ್ಟಿದ ಬಾಸುಂಡೆ ಇಲ್ಲದ ದಿನವನ್ನು ಪರಮಣ್ಣ ನೋಡಿರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಅವನ ತಾಳ್ಮೆ ಮುಗಿಯಿತು. ಅಪ್ಪ ತಾಯಿಯ ತುರುಬು ಹಿಡಿದು ಒಲೆಯ ಕಡೆಗೆ ಎಳೆಯುತ್ತಿದ್ದಾಗ ಅದೇ ಕೋಲಿನಿಂದ ಹಿಂದಿನಿಂದ ಬಡಿದ. ಅಪ್ಪನ ಭುಜದ ಎಲುಬು ಲಟಕ್ಕೆಂದಿತು.

ತಾಯಿ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದ ಹುಡುಗ. ಬೂದೆಮ್ಮ ಎದ್ದವಳೇ ಅವನ ಕೈಯಿಂದ ಕೋಲು ಕಿತ್ತುಕೊಂಡು ಅವನ ಬೆನ್ನು, ತೊಡೆ, ತಲೆ ಎಂದು ನೋಡದೆ ಬಾರಿಸಿದಳು.

"ನನ್ ಗಂಡನ್ನ ಹೊಡ್ಯಾಕ ನೀ ಯಾರಲೇ? ನಡಿ, ನನ್ ಕಣ್ಣಿಗೆ ಬೀಳಬ್ಯಾಡ!" ಎಂದು ಕೋಲನ್ನು ಅವನ ಹಿಂದೆಯೇ ಎಸೆದಳು.

ಬಿದ್ದ ಕೋಲನ್ನು ಎತ್ತಿಕೊಂಡು ಪರಮಣ್ಣ ನಡೆದ. ದೇವದುರ್ಗದಲ್ಲಿ ಲಾರಿ ಹತ್ತಿ ರಾಯಚೂರಿನಲ್ಲಿ ಇಳಿದ. ಮತ್ತೆ ಆ ಹಟ್ಟಿಯ ಕಡೆ ತಲೆ ಹಾಕಲಿಲ್ಲ. ಅಪ್ಪನ ಮೇಲಿನ ಸಿಟ್ಟು ಕೆಲವು ವರ್ಷಕ್ಕೆ ತಣ್ಣಗಾಯಿತು. ತಾಯಿಯ ಮೇಲಿನದು ಆಗಲೇ ಇಲ್ಲ.

ರಾಯಚೂರಿನಲ್ಲಿ ಅವನನ್ನು ಕೆಲಸಕ್ಕಿಟ್ಟುಕೊಂಡವನು ಪೀರಾ ಸಾಬ್ ಎಂಬ ಹಳೆ ಮಿಸ್ತ್ರಿ. ನಿಜಾಮನ ಕಾಲದ ಮೋಟಾರುಗಳನ್ನು ಬಿಚ್ಚಿದವನು. ಅವನ ಶಾಲೆಯೂ ಹೊಡೆತದ ಶಾಲೆಯೇ. ನಟ್ಟು ಮುರಿದರೆ ಬೆರಳ ಗೆಣ್ಣಿನ ಮೇಲೆ ಪಾನಾ ಬೀಳುತ್ತಿತ್ತು. "ಹಾತ್ ಅಲ್ಲ ಬೇ ಬೇಕಾಗಿದ್ದು, ಕಾನ್ ಬೇಕು ಕಾನ್!" ಎಂದು ಕಿವಿ ಹಿಂಡುತ್ತಿದ್ದ. ಕೋಲಿನಿಂದ ಕೇಳುವುದು ಮಾತ್ರ ಪೀರಾ ಸಾಬ್ ಕಲಿಸಿದ್ದಲ್ಲ. ಪರಮಣ್ಣನ ಅಜ್ಜ ಹಟ್ಟಿಯಲ್ಲಿ ಕೋಲನ್ನು ನೆಲಕ್ಕೆ ಊರಿ ತುದಿಗೆ ಕಿವಿ ಕೊಟ್ಟು, ದೂರದಲ್ಲಿ ಬರುತ್ತಿರುವುದು ತನ್ನ ಹಿಂಡೋ ಪರರ ಹಿಂಡೋ ಎಂದು ಹೇಳುತ್ತಿದ್ದ. ಮೊಮ್ಮಗ ಅದನ್ನು ಮೋಟಾರಿಗೆ ತಂದ. ಪೀರಾ ಸಾಬ್ ಮೊದಮೊದಲು ನಕ್ಕ, ಆಮೇಲೆ ತಾನೂ ಆ ಕೋಲು ಕೇಳಿ ಪಡೆಯತೊಡಗಿದ.

ಪರಮಣ್ಣ ಸ್ವಂತ ಗ್ಯಾರೇಜು ಹಾಕಿದ, ದೇವದುರ್ಗದ ಕರೆಮ್ಮನನ್ನು ಮದುವೆಯಾದ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಅಪ್ಪನ ಭುಜ ಮುರಿದು ಮನೆ ಬಿಟ್ಟ ಈ ಗಂಡಸು ತನ್ನ ಹೆಂಡತಿಯ ಮೇಲೂ ಕೈ ಎತ್ತುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಗಿದ್ದೇ ಸಾಕು. ಒಮ್ಮೆ ಅವನ ಗುದ್ದಿಗೆ ಕರೆಮ್ಮನ ಕಿವಿಯ ತೂತು ಹರಿದು, ಓಲೆ ರೊಟ್ಟಿಯ ಬುಟ್ಟಿಯಲ್ಲಿ ಬಿದ್ದಿತ್ತು. ಅವಳು ಓಲೆ ಎತ್ತಿ ತೊಳೆದು, ಇನ್ನೊಂದು ಕಿವಿಯದನ್ನೂ ತೆಗೆದಿಟ್ಟಳು. ಮತ್ತೆಂದೂ ಓಲೆ ಹಾಕಲಿಲ್ಲ. ಪರಮಣ್ಣ ಅದನ್ನು ನೋಡಿಯೂ ನೋಡದಂತೆ ಇದ್ದ. ಅಪ್ಪನ ಗುಣ ತನಗೆ ಬಂದಿದೆ ಎಂದು ಯಾರಾದರೂ ಹೇಳಿದ್ದರೆ ಅವರ ಹಲ್ಲೂ ಬೇವಿನ ಬುಡಕ್ಕೆ ಬೀಳುತ್ತಿತ್ತು.

ಕರೆಮ್ಮನಿಗೆ ಒಬ್ಬನೇ ತಮ್ಮ, ಕನಕಪ್ಪ. ಅವನಿಗೆ ಡ್ರೈವರಿಕೆ ಕಲಿಸಿದವನೂ ಪರಮಣ್ಣನೇ. ಕನಕಪ್ಪ ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಯಂಕೋಬ ಸಾಹುಕಾರನ ಬಿಳಿ ಅಂಬಾಸಿಡರ್ ಓಡಿಸುತ್ತಿದ್ದ. ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಕಡೆ ಭತ್ತ ಎದ್ದಿತು, ಭತ್ತದ ಹಿಂದೆ ಗಿರಣಿಗಳು ಎದ್ದವು, ಗಿರಣಿಯವರ ನಡುವೆ ಬಡಿದಾಟವೂ ಎದ್ದಿತು. ಯಂಕೋಬನ ಅಪ್ಪ ಬಾಡಿಗೆ ಎತ್ತಿನಗಾಡಿಯಲ್ಲಿ ರಾಯಚೂರಿಗೆ ಹತ್ತಿ ಹೇರುತ್ತಿದ್ದವನು. ಮಗ ಅದನ್ನು ಯಾರಾದರೂ ನೆನಪಿಸಿದರೆ ಉರಿದು ಬೀಳುತ್ತಿದ್ದ.

ಎಂಬತ್ತೊಂದರ ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಬಿಳಿ ಕಾರು ಪರಮಣ್ಣನ ಗ್ಯಾರೇಜಿಗೆ ತಿರುಗಿತು. ತಿರುಗುವಾಗ ಕಿರ್‍ರ್ ಎಂದು ನರಳಿ, ಕಟಕ್ ಎಂದು ಏನೋ ಕಡಿದಂತೆ ಸದ್ದಾಯಿತು. ಚಕ್ರ ಹಿಡಿದು ಕೂತವನು ಕನಕಪ್ಪನೇ. ಅವನ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು, ತುಟಿ ಸೀಳಿ ಅಂಗಿಯ ಮೇಲೆಲ್ಲ ರಕ್ತ ಒಣಗಿತ್ತು. ಪಕ್ಕದಲ್ಲಿ ಕುಡುಗೋಲನ್ನು ಅವನ ಪಕ್ಕೆಗೆ ಒತ್ತಿಕೊಂಡು ಗಿರಣಿಯ ಆಳೊಬ್ಬ ಕೂತಿದ್ದ. ಹಿಂದೆ ಇನ್ನೊಬ್ಬ ಆಳು, ಸಾಹುಕಾರ, ಮತ್ತು ಸೆರಗನ್ನು ತಲೆ ತುಂಬ ಹೊದ್ದ ಮುದುಕಿ, ಸಾಹುಕಾರನ ತಾಯಿ ಪಾರ್ವತೆಮ್ಮ.

ಸಾಹುಕಾರ ಇಳಿದವನೇ ಕನಕಪ್ಪನ ಕೂದಲು ಹಿಡಿದು ಹೊರಗೆ ಎಳೆದು ನೆಲಕ್ಕೆ ಕೆಡವಿದ.

"ಪರಮಣ್ಣಾ, ಇಂವ ನಿನ್ ಹೆಂಡ್ತಿ ತಮ್ಮ ಅಂತ ಗೊತ್ತದ. ಅದಕ್ಕಽ ನಿನ್ನ ಕಡೀನಽ ಬಂದೀನಿ, ನಾಳೆ ನನ್ನ ತಪ್ಪು ಅನಬ್ಯಾಡ. ದಸರಾದಿಂದ ಗಾಡಿ ತಿರುವಿದ್ರ ಒದರತದ. ನಿನ್ನೆ ಕಾಲುವಿ ದಾಟೂ ಪೂಲಿನ ತಿರುವಿನ್ಯಾಗ ಚಕ್ರ ಹಿಡಕೊಂಡು ಬಿಡ್ತು. ಇನ್ನೊಂದು ಗೇಣು ಹೋಗಿದ್ರ ನಾವೆಲ್ಲಾ ಕಾಲುವ್ಯಾಗ ಹೆಣ. ಆ ಮ್ಯಾಲಿನ ಗಿರಣಿಯವ್ರು ಇವನಿಗೆ ರೊಕ್ಕ ಕೊಟ್ಟು ಏನೋ ಮಾಡ್ಸ್ಯಾರ. ಏನ್ ಮಾಡ್ಯಾನ ಅನ್ನೂದನ್ನ ನೀನಽ ತಗದು ತೋರ್ಸು. ಆಮ್ಯಾಲೆ ಇವನ ಬಲಗೈ ಇಲ್ಲೇ, ನಿನ್ ಮುಂದನಽ ಜಜ್ಜತೀನಿ."

ಗ್ಯಾರೇಜಿನ ಬಾಗಿಲಲ್ಲಿ ಕಬ್ಬಿಣ ಬಡಿಯಲು ನೆಲಕ್ಕೆ ಹುಗಿದಿದ್ದ ರೈಲು ಕಂಬಿಯ ತುಂಡು ಇತ್ತು. ಸಾಹುಕಾರ ಅದನ್ನು ಬೂಟಿನಿಂದ ಒದ್ದು ತೋರಿಸಿದ.

"ಮಿಸ್ತ್ರಿಗೆ ತೋರ್ಸಿ ಆಮ್ಯಾಲೆ ಏನರೆ ಮಾಡು ಅಂತ ನಮ್ಮವ್ವ ಗಾಡ್ಯಾಗ ಕುಂತು ಇಳೀಲೇ ಇಲ್ಲ. ಇಲ್ಲಾಂದ್ರ ಮಾನ್ವಿಯೊಳಗಽ ಮುಗಸ್ತಿದ್ದೆ" ಎಂದ.

ಪರಮಣ್ಣನ ಮುಷ್ಟಿ ತಾನಾಗಿಯೇ ಕಟ್ಟಿತು. ಆದರೆ ಕುಡುಗೋಲು ಕನಕಪ್ಪನ ಕುತ್ತಿಗೆಯ ಮೇಲಿತ್ತು. ಹೊಡೆದು ಗೆಲ್ಲುವ ಹೊತ್ತಲ್ಲ ಇದು ಎಂಬುದು ಅವನಂಥವನಿಗೂ ತಿಳಿಯಿತು. ಗಾಡಿಯಲ್ಲಿ ಏನಾಗಿದೆಯೋ ಅದನ್ನೇ ತೆಗೆದು ತೋರಿಸಿದರೆ, ಯಾರೂ ಏನೂ ಮಾಡಿಲ್ಲ ಎಂದು ಸಾಬೀತಾದರೆ, ಭಾಮೈದನ ಕೈ ಉಳಿಯುತ್ತದೆ. ಅವನು ಕೋಲು ಎತ್ತಿಕೊಂಡ.

"ಕನಕಪ್ಪಾ, ಎದ್ದು ಒಳಗ ಕುಂದ್ರು. ನಾ ಹೇಳಿದಂಗ ಚಕ್ರ ತಿರುವು. ಗಾಡಿ ಚಾಲೂ ಮಾಡಬ್ಯಾಡ."

ಕನಕಪ್ಪ ಹತ್ತಿ ಕೂತು ತಿರುವಿದ. ಗಾಡಿ ನಿಂತಲ್ಲೇ ನಿಂತಿತ್ತು, ಸದ್ದು ಮಾತ್ರ ಬಂತು. ಪರಮಣ್ಣನಿಗೆ ಅರ್ಧ ದಾರಿ ಸವೆಯಿತು. ಗಾಲಿಯ ಬೇರಿಂಗ್ ಕೆಟ್ಟಿದ್ದರೆ ಗಾಲಿ ಉರುಳುವಾಗ ಅಳಬೇಕು, ನೆಟ್ಟಗೆ ಹೋಗುವಾಗಲೂ ಅಳಬೇಕು. ಇದು ನಿಂತಲ್ಲೇ, ತಿರುವಿದರೆ ಮಾತ್ರ ಅಳುತ್ತಿದೆ. ಟೈರು ತಗಡಿಗೆ ತಾಗುತ್ತಿಲ್ಲ. ಸ್ಟೇರಿಂಗಿನ ಡಬ್ಬಿಗೆ ಕೋಲು ಇಟ್ಟ, ಅಲ್ಲಿ ನಿಶ್ಶಬ್ದ. ಎರಡೂ ಗಾಲಿಯನ್ನು ಕೂಡಿಸುವ ಅಡ್ಡ ಸರಳಿನ ಕೀಲುಗಳನ್ನು ಮುಟ್ಟಿ ನೋಡಿದ, ಅಲುಗಾಟವಿಲ್ಲ. ಬಲಗಡೆಯ ಗಾಲಿಯ ಒಳಗೆ ಕೋಲು ಇಟ್ಟಾಗ ಸಣ್ಣ ಕಿರುಗುಟ್ಟು ಕೇಳಿತು. ಎಡಗಡೆ ಇಟ್ಟಾಗ ಒಣ ಎಲುಬನ್ನು ಕಲ್ಲಿನ ಮೇಲೆ ಅರೆದಂಥ ಸದ್ದು ಅವನ ತಲೆಯೊಳಗೇ ಬಂದು ಕೂತಿತು.

"ಕಿಂಗ್‌ಪಿನ್ನು" ಎಂದ.

ಮುಂದಿನ ಗಾಲಿ ಎಡಬಲಕ್ಕೆ ಹೊರಳುವುದು ಒಂದು ನಿಂತ ಕಂಬದ ಸುತ್ತ. ಅದೇ ಕಿಂಗ್‌ಪಿನ್ನು. ಅಂಬಾಸಿಡರಿನಲ್ಲಿ ಅದರ ತಲೆಗೂ ಬುಡಕ್ಕೂ ಬೋಲ್ಟಿಗಿರುವಂಥ ಸುರುಳಿ ಗೆರೆ ಇರುತ್ತದೆ, ಗ್ಯಾರೇಜಿನವರು ಚೂಡಿ ಅನ್ನುತ್ತಾರೆ. ಚೂಡಿಗೆ ಗ್ರೀಸು ಹೋಗಲು ಸಣ್ಣ ನಿಪ್ಪಲ್ಲು. ಗ್ರೀಸು ನಿಂತರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ. ತಿಂದು ಮುಗಿದ ದಿನ ಗಾಲಿ ಮಡಚಿಕೊಂಡು ಗಾಡಿಯ ಅಡಿಗೆ ಬೀಳುತ್ತದೆ.

ಜಾಕ್ ಹಚ್ಚಿ, ಗಾಲಿ ಬಿಚ್ಚಿ, ಬುಡದ ನಿಪ್ಪಲ್ಲನ್ನು ತಿರುವಿ ತೆಗೆದ. ಒಳಗಿಂದ ಕರಿ ಮುದ್ದೆಯೊಂದು ಅವನ ಬೆರಳಿಗೆ ಅಂಟಿಕೊಂಡಿತು. ನಿಪ್ಪಲ್ಲಿನ ಸುತ್ತ ಒಣಗಿದ ಅರಿಶಿನ ಕುಂಕುಮ. ಪರಮಣ್ಣ ಬೆರಳನ್ನು ಮೂಗಿಗೆ ಹಿಡಿದ. ಔಡಲೆಣ್ಣೆ, ಸುಟ್ಟ ಹುಲ್ಲಿನ ಕರಿ. ಅವನು ಹುಟ್ಟಿದಾಗಿನಿಂದ ಬಲ್ಲ ವಾಸನೆ. ಎತ್ತಿನಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ.

ಗಾಡಿಯ ದಪ್ಪ ಅಚ್ಚಿಗೆ ಅದರಂಥ ಮದ್ದಿಲ್ಲ. ಆದರೆ ಈ ಸಣ್ಣ ತೂತಿನಲ್ಲಿ ಕರಿ ಗಟ್ಟಿಯಾಗಿ ಕೂತು, ಆಮೇಲೆ ಒತ್ತಿದ ಒಳ್ಳೆ ಗ್ರೀಸನ್ನೂ ಒಳಗೆ ಬಿಡದೆ, ಚೂಡಿ ಒಣಗಿ ತಿಂದುಹೋಗಿತ್ತು. ಆಯುಧಪೂಜೆಯ ದಿನ ಯಾರೋ ಕಾರನ್ನು ಎತ್ತಿನಗಾಡಿ ಎಂದುಕೊಂಡು ಭಕ್ತಿಯಿಂದ ಎಣ್ಣೆ ಎರೆದಿದ್ದಾರೆ. ಪರಮಣ್ಣ ತಲೆ ಎತ್ತಿದ. ಕಾರಿನ ಕಿಟಕಿಯಲ್ಲಿ ಪಾರ್ವತೆಮ್ಮ ಅವನ ಕರಿ ಬೆರಳನ್ನೇ ನೋಡುತ್ತಿದ್ದಳು. ಅವಳ ಬಾಯಿ ಅರ್ಧ ತೆರೆದಿತ್ತು. ಕಿಟಕಿಯ ಅಂಚು ಹಿಡಿದ ಮುಂಗೈಯಲ್ಲಿ, ಬಳೆಯ ಮೇಲ್ಗಡೆ, ಹಸಿರುಗಟ್ಟಿದ ಬಾಸುಂಡೆ.

ಪರಮಣ್ಣನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಕನಕಪ್ಪ ಇಷ್ಟು ಹೊಡೆತ ತಿಂದರೂ ಯಾಕೆ ಬಾಯಿ ಬಿಟ್ಟಿಲ್ಲ ಎಂಬುದೂ ತಿಳಿಯಿತು. ಹೇಳಿದ್ದರೆ ಆ ಹೊತ್ತಿಗೇ ಮಗನ ಏಟಿಗೆ ಮುದುಕಿಯ ಕೈ ಮುರಿಯುತ್ತಿತ್ತು.

"ಯಾರೂ ಏನೂ ಮಾಡಿಲ್ರಿ ಸಾವ್ಕಾರ್ರ" ಎಂದು ಬೆರಳನ್ನು ಚಿಂದಿಗೆ ಒರೆಸಲು ಹೋದ. "ಹಳೇ ಗ್ರೀಸು ಒಣಗ್ಯದ, ಅಷ್ಟಽ. ಪಿನ್ನು ಬದಲಿ ಮಾಡಿದ್ರ…"

ಒರೆಸಲು ಬಿಡಲಿಲ್ಲ ಯಂಕೋಬ. ಪರಮಣ್ಣನ ಮಣಿಕಟ್ಟು ಹಿಡಿದು ಬೆರಳನ್ನು ತನ್ನ ಮೂಗಿಗೆ ಎಳೆದುಕೊಂಡ. ಎಷ್ಟೆಂದರೂ ಗಾಡಿ ಹೊಡೆಯುವವನ ಮಗ. ವಾಸನೆ ಮರೆಯಲು ಬಿಳಿ ಕಾರು ಸಾಲಲಿಲ್ಲ.

"ಕೀಲೆಣ್ಣಿ!" ಎಂದು ಕನಕಪ್ಪನ ಕಡೆ ತಿರುಗಿ ಕಿರುಚಿದ. "ನನ್ ಕಾರಿಗೆ ಕೀಲೆಣ್ಣಿ! ನಮ್ಮಪ್ಪನ ಗಾಡಿ ನೆನಪು ಮಾಡ್ಕೊಡ್ತೀಯೇನಲೇ ನನಗ? ಹಿಡೀರಲೇ ಇವನ್ನ!"

ಆಳುಗಳು ಕನಕಪ್ಪನನ್ನು ಎಳೆದು ತಂದು ಅವನ ಬಲಗೈಯನ್ನು ರೈಲು ಕಂಬಿಯ ಮೇಲೆ ಒತ್ತಿ ಹಿಡಿದರು. ಅವನು ಒದರಿದ್ದು ಹೊಡೆಸಿಕೊಳ್ಳುವ ದನದ ಹಾಗಿತ್ತು. ಆದರೂ ಮುದುಕಿಯ ಹೆಸರು ಅವನ ಬಾಯಿಂದ ಬರಲಿಲ್ಲ. ಸಾಹುಕಾರ ನೆಲದ ಮೇಲಿದ್ದ ದೊಡ್ಡ ಸುತ್ತಿಗೆ ಎತ್ತಿದ.

"ಅವನ ಕೈ ಬಿಡೋ ಯಂಕೋಬಾ!"

ಪಾರ್ವತೆಮ್ಮ ಕಾರಿನಿಂದ ಇಳಿದಿದ್ದಳು. ಸೆರಗು ಜಾರಿ ಬಿಳಿ ಕೂದಲು ಕೆದರಿತ್ತು. "ಅದನ್ನ ಹಾಕಿದಾಕಿ ನಾನು. ಪೂಜಿ ದಿನ ನಿಮ್ಮಪ್ಪನ ಎಣ್ಣಿ ಗೊಟ್ಟದಾಗಿಂದ ನಾನಽ ಎರದೀನಿ. ಅಂವ ಬ್ಯಾಡ್ರೀ ಯವ್ವಾ ಅಂದ, ನಾನಽ ಹಟ ಮಾಡಿ ಆ ಮೊಳಿಯಂಥಾದ್ದು ಬಿಚ್ಚಿಸಿದೆ. ನಿಮ್ಮಪ್ಪ ಎಣ್ಣಿ ಹಾಕದ ಗಾಡಿ ಕಟ್ಟತಿದ್ದಿಲ್ಲ. ನನ್ ಮಗ ಹೋಗೂ ಗಾಡಿ ಸುಸೂತ್ರ ಇರ್ಲಿ ಅಂತ ಹಾಕಿದ್ನೋ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುತ್ತಿಗೆ ಕೆಳಗಿಡುತ್ತಿದ್ದರು. ಯಂಕೋಬನೂ ಇಟ್ಟ. ಇಟ್ಟು, ಎರಡು ಹೆಜ್ಜೆ ನಡೆದು, ಹಡೆದ ತಾಯಿಯ ಕೆನ್ನೆಗೆ ಬಿಟ್ಟ. ಮುದುಕಿ ಕಾರಿನ ಬಾಗಿಲಿಗೆ ಬಡಿದು ಕುಸಿದಳು. ಎದುರಿನ ಚಹಾದಂಗಡಿಯ ಜನ ಎದ್ದು ನಿಂತರು, ಒಬ್ಬನೂ ರಸ್ತೆ ದಾಟಲಿಲ್ಲ. ಸಾಹುಕಾರ ಮತ್ತೆ ಕೈ ಎತ್ತಿದ.

ಆ ಎತ್ತಿದ ಕೈ ಇಳಿಯುವ ಮೊದಲು ಪರಮಣ್ಣ ಎತ್ತಿಕೊಂಡ ಜಾಕಿನ ರಾಡು ಅದರ ಮಣಿಕಟ್ಟಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಅವನ ಕಿವಿಗೆ ಗುರುತಿನದು. ಅದನ್ನು ಕೇಳಿ ಅವನಿಗೆ ಸುಖವಾಯಿತು ಎಂದೇ ಹೇಳಬೇಕು. ಆಳುಗಳು ಕನಕಪ್ಪನನ್ನು ಬಿಟ್ಟು ಇವನ ಮೇಲೆ ಬಿದ್ದರು. ಕುಡುಗೋಲಿನವನ ಮೊಣಕಾಲಿಗೆ ರಾಡು ಹಾಕಿ ಕೆಡವಿದ. ಇನ್ನೊಬ್ಬನ ಮುಖವನ್ನು ಕಾರಿನ ಬಾನೆಟ್ಟಿಗೆ ತಿಕ್ಕಿದ, ಬಿಳಿ ಬಣ್ಣದ ಮೇಲೆ ಕೆಂಪು ಗೀರು ಎದ್ದಿತು. ಕನಕಪ್ಪ ಏಳಲು ಹೋಗಿ ಒದೆ ತಿಂದು ಬಿದ್ದ. ಪರಮಣ್ಣ ತಿರುಗಿ ಸಾಹುಕಾರನ ಎದೆಯ ಮೇಲೆ ಕೂತು ರಾಡನ್ನು ತಲೆಯ ಮೇಲಕ್ಕೆತ್ತಿದ. ಆ ಏಟು ಬಿದ್ದಿದ್ದರೆ ಯಂಕೋಬ ಉಳಿಯುತ್ತಿರಲಿಲ್ಲ. ಕೊಲ್ಲಬೇಕೆಂದೇ ಎತ್ತಿದ್ದ.

ಆಗ ಅವನ ಬೆನ್ನಿನ ಮೇಲೆ ಕೋಲು ಬಿತ್ತು. ಅವನದೇ ಕೋಲು. ತಲೆಗೆ ಬಿತ್ತು, ಭುಜಕ್ಕೆ ಬಿತ್ತು. ತುಟಿಯಿಂದ ರಕ್ತ ಸುರಿಯುತ್ತಿದ್ದ ಪಾರ್ವತೆಮ್ಮ ಎರಡೂ ಕೈಯಲ್ಲಿ ಕೋಲು ಹಿಡಿದು ಬಡಿಯುತ್ತಿದ್ದಳು.

"ನನ್ ಮಗನ್ನ ಹೊಡ್ಯಾಕ ನೀ ಯಾರಲೇ? ಯಾರಲೇ ನೀ?"

ಪರಮಣ್ಣನ ಕೈ ಮೇಲೆಯೇ ನಿಂತಿತು. ಅಷ್ಟು ವರ್ಷಗಳ ಹಿಂದಿನ ಹಟ್ಟಿ, ಒಲೆ, ತಾಯಿಯ ಬಿಚ್ಚಿದ ತುರುಬು ಎಲ್ಲ ಕಣ್ಣ ಮುಂದೆ ಬಂದವು. ಅದೇ ಮಾತು, ಅದೇ ಕೋಲು. ರಾಡು ಅವನ ಕೈಯಿಂದ ಜಾರಿತು. "ಯವ್ವಾ" ಎಂದ. ಅದನ್ನು ಅವನು ಕರೆದದ್ದು ಯಾರನ್ನು ಎಂದು ಅವನಿಗೇ ಗೊತ್ತಿರಲಿಲ್ಲ.

ಅಷ್ಟು ಹೊತ್ತು ಸಾಕಾಯಿತು ಅವರಿಗೆ. ಆಳುಗಳು ಅವನನ್ನು ಎಳೆದು ಕೆಡವಿ, ಅವನ ಬಲಗೈಯನ್ನು ರೈಲು ಕಂಬಿಯ ಮೇಲೆ ಚಾಚಿದರು. ಯಂಕೋಬ ಎಡಗೈಯಲ್ಲಿ ಸುತ್ತಿಗೆ ಹಿಡಿದು ಬಂದ. ಎಡಗೈಯ ಏಟು ಸರಿಯಾಗಿ ಬೀಳುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಹೊಡೆದ. ಪಾರ್ವತೆಮ್ಮ "ಬ್ಯಾಡೋ, ಬ್ಯಾಡೋ" ಎನ್ನುತ್ತ ಮಗನ ಅಂಗಿ ಜಗ್ಗಿದಳು. ಪರಮಣ್ಣ ಕಿರುಚಿದ್ದು ಚಹಾದಂಗಡಿಯವರಿಗೆಲ್ಲ ಕೇಳಿತು. ಆಗಲೂ ಯಾರೂ ರಸ್ತೆ ದಾಟಲಿಲ್ಲ. ನನ್ನ ಸಿಟ್ಟು ಸಾಹುಕಾರನ ಮೇಲೆಷ್ಟೋ ಆ ಚಹಾ ಕುಡಿಯುವವರ ಮೇಲೂ ಅಷ್ಟೇ.

ಸಿಟ್ಟು ಇಳಿದ ಮೇಲೆ ಯಂಕೋಬನಿಗೆ ತನ್ನ ಮಣಿಕಟ್ಟಿನ ನೋವು ಹತ್ತಿತು. ಆಳುಗಳು ಕುಂಟುತ್ತ ಹೋಗಿ ಜಟಕಾ ತಂದರು, ಅವನನ್ನು ಹೇರಿಕೊಂಡು ಸರಕಾರಿ ದವಾಖಾನೆಗೆ ಹೋದರು. ತಾಯಿಯನ್ನು ಕರೆಯಲೂ ಇಲ್ಲ. ಗಾಲಿ ಬಿಚ್ಚಿದ ಕಾರು, ಮುದುಕಿ, ಭಾವ, ಭಾಮೈದ ಇಷ್ಟೇ ಉಳಿದರು.

ಕನಕಪ್ಪ ಅಳುತ್ತ ತನ್ನ ಅಂಗಿ ಹರಿದು ಪರಮಣ್ಣನ ಕೈಗೆ ಸುತ್ತಿದ. "ಏಳು ಮಾವ, ದವಾಖಾನಿಗೆ ಹೋಗೂನು. ನನ್ ಕೈ ಹೋಗೂ ಬದ್ಲಿ ನಿನ್ ಕೈ ಹೋತು."

ಪರಮಣ್ಣ ಎದ್ದು ಕೂತ. ಮುಖ ಬೂದಿಯಾಗಿತ್ತು. ಪಾರ್ವತೆಮ್ಮನನ್ನು ನೋಡಿದ, ಕಾರನ್ನು ನೋಡಿದ.

"ಮೊದ್ಲ ಇದನ್ನ ಮುಗ್ಸು."

"ಏನಂತಿ ಮಾವ? ಹುಚ್ಚು ಹಿಡದದೇನು?"

"ಈ ಪಿನ್ನಿನ ಮ್ಯಾಲೆ ಈ ಗಾಡಿ ಮಾನ್ವಿ ಮುಟ್ಟೂದಿಲ್ಲ. ಆ ಪೂಲಿನ ತಿರುವಿನ್ಯಾಗ ಗಾಲಿ ಮಡಚಿ ಬೀಳತದ. ಯವ್ವ ಕುಂದ್ರೂ ಗಾಡಿ ಇದು. ಪಾನಾ ತಗೋ. ಕೈ ನಿಂದು, ಹೇಳಾಂವ ನಾನು."

ಹುಚ್ಚೇ ಇರಬೇಕು. ಇಲ್ಲವಾದರೆ ಸಿಟ್ಟಿನ ಇನ್ನೊಂದು ರೂಪ ಇರಬೇಕು. ಪರಮಣ್ಣ ಬೇವಿನ ಬುಡಕ್ಕೆ ಒರಗಿ, ರಕ್ತ ಸೋರುವ ಗಂಟನ್ನು ಎದೆಗೆ ಒತ್ತಿಕೊಂಡು ಬೈಯುತ್ತ ಹೇಳಿದ, ಕನಕಪ್ಪ ಅಳುತ್ತ ಮಾಡಿದ. ಜಖಂ ಆದ ಹಳೆ ಟ್ಯಾಕ್ಸಿಯೊಂದರ ಒಳ್ಳೆಯ ಪಿನ್ನು ಗ್ಯಾರೇಜಿನಲ್ಲಿತ್ತು. ಕೆಟ್ಟದ್ದನ್ನು ಬಿಚ್ಚಿ ಹೊರಗೆ ತೆಗೆದಾಗ ಅದರ ಚೂಡಿ ಸವೆದು, ಹಿಡಿತಕ್ಕೆ ಉಗುರಿನಷ್ಟು ಮಾತ್ರ ಉಳಿದಿತ್ತು. "ಸೀಮೆಎಣ್ಣ್ಯಾಗ ತೊಳಿ. ತೂತಿನ್ಯಾಗ ತಂತಿ ಹಾಕು. ಪೂರಾ ಏರ್ಸು, ಆಮ್ಯಾಲೆ ಸ್ವಲ್ಪ ಹಿಂದಕ್ಕ ಬಿಡು, ಬಿಗಿ ಮಾಡಬ್ಯಾಡ ಭಾಡ್ಯಾ! ಈಗ ಗ್ರೀಸು ಒತ್ತು. ಹೊರಗ ಬರೂತನ ಒತ್ತು. ಬಲಗಡೀದೂ ಬಿಚ್ಚಿ ತೊಳಿ, ಅದರಾಗೂ ಎರದಿರ್ತಾಳ ಯವ್ವ."

"ಹೂಂನಪ್ಪಾ, ಎಲ್ಲಾದ್ರಾಗೂ ಎರದೀನಿ" ಎಂದಳು ಪಾರ್ವತೆಮ್ಮ. ಅವಳು ಅಷ್ಟು ಹೊತ್ತೂ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು ತನ್ನ ಸೆರಗಿನಿಂದ ಅವನ ಹಣೆಯ ಬೆವರು ಒರೆಸುತ್ತಿದ್ದಳು. ಆ ಹಣೆಯ ಮೇಲಿನ ಬಾಸುಂಡೆ ಅವಳೇ ಎಬ್ಬಿಸಿದ್ದು.

ಸಂಜೆಯ ಬಿಸಿಲಿಗೆ ಕಾರು ಹೊರಟಿತು, ದವಾಖಾನೆಗೆ. ಹಿಂದಿನ ಸೀಟಿನಲ್ಲಿ ಪರಮಣ್ಣ, ಪಕ್ಕದಲ್ಲಿ ಮುದುಕಿ. ಅವನು ಎಡಗೈಯಲ್ಲಿ ಕೋಲು ಹಿಡಿದು, ಒಂದು ತುದಿ ಕಾರಿನ ನೆಲಕ್ಕೆ ಊರಿ, ಇನ್ನೊಂದು ತುದಿ ಕಿವಿಯ ಹಿಂದೆ ಇಟ್ಟುಕೊಂಡಿದ್ದ. ಕನಕಪ್ಪ ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ. ಸದ್ದಿರಲಿಲ್ಲ.

"ನಿನ್ನ ಹೊಡದದ್ದು ತಪ್ಪು ಅಂತ ನಾ ಅನ್ನೂದಿಲ್ಲಪ್ಪಾ" ಎಂದಳು ಪಾರ್ವತೆಮ್ಮ, ಹೊರಗೆ ನೋಡುತ್ತ. "ಅಂವ ಎಂಥಾಂವ ಇದ್ರೂ ನಾ ಹಡದಾಂವ. ನಾಳೆ ಯಾರರೆ ಅವನ್ನ ಕೊಲ್ಲಾಕ ಬಂದ್ರ ನಾಳೆನೂ ಹೊಡೀತೀನಿ. ನನ್ನ ಹೊಡದ್ರ ನನಗ ನೋವು ಆಗೂದಿಲ್ಲ ಅಂತ ಮಾತ್ರ ತಿಳಕೋಬ್ಯಾಡ."

ಪರಮಣ್ಣ ಕೋಲನ್ನು ಕಿವಿಯ ಹಿಂದೆ ಇನ್ನಷ್ಟು ಒತ್ತಿ ಹಿಡಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈಯ ನೋವಿಗೆ ಎಂದು ಕನಕಪ್ಪ ತಿಳಿದುಕೊಂಡ.

ದವಾಖಾನೆಯ ಬಾಗಿಲಲ್ಲಿ ಕನಕಪ್ಪ ಕಾರಿನ ಕೀಲಿಯನ್ನು ಮುದುಕಿಯ ಕೈಗಿಟ್ಟು ಕಾಲು ಮುಟ್ಟಿದ. ಅವಳು ಮಗ ಮಲಗಿದ್ದ ಕಡೆಗೆ ಹೋದಳು. ಮತ್ತೆಂದೂ ಕನಕಪ್ಪ ಆ ಗಿರಣಿಯ ಕಡೆ ಸುಳಿಯಲಿಲ್ಲ, ದೇವದುರ್ಗದಿಂದ ಲಾರಿ ಓಡಿಸಿಕೊಂಡು ಅದೇ ಬಲಗೈಯಲ್ಲಿ ಬದುಕಿದ. ಪೊಲೀಸರ ತನಕ ವಿಷಯ ಹೋಗಲಿಲ್ಲ. ಕೋರ್ಟಿನಲ್ಲಿ ನಿಂತು ತಾಯಿಗೆ ಹೊಡೆದದ್ದನ್ನು ಹೇಳಿಸಿಕೊಳ್ಳುವುದು ಸಾಹುಕಾರನಿಗೆ ಬೇಡವಾಗಿತ್ತು. ಅವನು ಆಮೇಲೆ ತಾಯಿಯ ಮೇಲೆ ಕೈ ಎತ್ತಿದನೋ ಇಲ್ಲವೋ ತಿಳಿಯದು. ಎತ್ತಿರಬಹುದು. ಅಂಥವರು ಒಂದು ಏಟಿಗೆ ಬದಲಾಗುವುದನ್ನು ನಾನು ನೋಡಿಲ್ಲ.

ಪರಮಣ್ಣನ ಬೆರಳು ಒಂದೂ ಕತ್ತರಿಸಬೇಕಾಗಲಿಲ್ಲ. ಬೇಗ ಬಂದಿದ್ದರೆ ಒಂದೆರಡು ಬೆರಳಾದರೂ ಮಡಚಲು ಬರುತ್ತಿತ್ತು ಎಂದು ಡಾಕ್ಟರರು ಬೈದರು. ಬಲಗೈ ಗಾಯ ಮಾಯಿತು, ಆದರೆ ಚಾಚಿದ ಅಂಗೈ ಚಾಚಿದಂತೆಯೇ ಗಟ್ಟಿಯಾಯಿತು. ಪಾನಾ ಹಿಡಿಯಲು ಬಾರದು, ಮುಷ್ಟಿ ಕಟ್ಟಲು ಬಾರದು.

ಗುಣವಾದ ಮೇಲೆ ಮೊದಲ ಸಲ ಮನೆಯಲ್ಲಿ ಊಟಕ್ಕೆ ಕೂತ ದಿನ. ಕರೆಮ್ಮ ದವಾಖಾನೆಯಲ್ಲಿ ಅವನ ಕಾಲ ಬುಡದಲ್ಲಿ ಅತ್ತು ಅತ್ತು ಕಣ್ಣು ಬತ್ತಿಸಿಕೊಂಡಿದ್ದಳು. ತಮ್ಮನ ಕೈ ಉಳಿಸಿದ ಗಂಡನೆಂದು ಅವನ ಬಾಯಿಗೆ ತುತ್ತು ಇಟ್ಟಿದ್ದಳು. ಈಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ ಹೇಳಿದಳು.

"ನಿನ್ ಕೈ ಹೋದದ್ದಕ್ಕ ಊರೆಲ್ಲಾ ಅಯ್ಯೋ ಅಂತದ. ನಾನೂ ಅತ್ತೀನಿ. ಖರೇ ಹೇಳ್ಲೇನು? ನನಗಂತೂ ಛಲೋ ಆತು."

ಪರಮಣ್ಣನ ರಕ್ತ ಕುದಿಯಿತು. ಎದ್ದು ಅವಳ ಕಡೆ ಹೋಗಿ ಹಳೆ ರೂಢಿಯಂತೆ ಬಲಗೈ ಎತ್ತಿದ. ಕರೆಮ್ಮ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ, ಹೆಂಚಿನ ಮುಂದೆ ಕೂತಲ್ಲೇ ಅವನನ್ನು ನೋಡಿದಳು. ಅವಳ ಹರಿದ ಕಿವಿಯನ್ನು ಅವನು ಅವತ್ತು ಸರಿಯಾಗಿ ನೋಡಿದ. ಎತ್ತಿದ ಕೈ ಮುಷ್ಟಿ ಕಟ್ಟಲಿಲ್ಲ, ಬೆರಳೆಲ್ಲ ಬಿಚ್ಚಿಕೊಂಡು, ಬೇಡುವವನ ಕೈಯಂತೆ ಗಾಳಿಯಲ್ಲಿ ನಿಂತಿತು.

ಕರೆಮ್ಮ ಹೆಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು ಆ ಅಂಗೈಯ ಮೇಲಿಟ್ಟಳು.

"ಕುಂತು ಉಣ್ಣು" ಎಂದಳು. ಅವನು ಕೂತು ಉಂಡ.